ಕೆಂಪು ಮೈಕು, ನೀಲಿ ಮೈಕು

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಎರಡು ವರ್ಷದ ಹಿಂದೆ ಒಂದು ಶನಿವಾರ ಚಾರಿಟಿ ಅಂಗಡಿಯ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಯೊಂದು ಕಣ್ಣಿಗೆ ಬಿತ್ತು. ಒಳಗೆ ಟಿವಿಗೆ ಜೋಡಿಸಿ ಆಡುವ ಹಳೆಯ ಗೇಮ್ ಯಂತ್ರ ಪ್ಲೇಸ್ಟೇಷನ್ 2, ಒಂದು ಕೆಂಪು ಮೈಕು, ಒಂದು ನೀಲಿ ಮೈಕು, ಎರಡು ಸಿಂಗ್‌ಸ್ಟಾರ್ ಡಿಸ್ಕ್. ಒಂದು ಡಿಸ್ಕ್ ಪೂರ್ತಿ ಡಿಸ್ನಿ ಸಿನಿಮಾ ಹಾಡುಗಳದ್ದು. ಮಗಳಿಗೆ ಆಗ ಒಂಬತ್ತು, ಮಗನಿಗೆ ಐದು. ಕೆಂಪು ಮೈಕು ಹಿಡಿದ ಮಗ ಮನೆ ತಲುಪುವವರೆಗೂ ಅದನ್ನು ಕೈಬಿಡಲಿಲ್ಲ.

ಟಿವಿ ನೋಡಿಕೊಂಡು ಮೈಕಿನಲ್ಲಿ ಹಾಡುವ ಇಂಥ ಆಟ ಮಕ್ಕಳಿಗೆ ನಿಜವಾಗಿ ಮಜಾ ಕೊಡುತ್ತಾ, ಸುಮ್ನೆ ದುಡ್ಡು ದಂಡವಾ ಅಂತ ಗೆಳತಿಯರು ಆಗಾಗ ಕೇಳುತ್ತಾರೆ. ಕೊಡುತ್ತದೆ, ತುಂಬಾ ಕೊಡುತ್ತದೆ. ಆದರೆ ನಮ್ಮ ಮನೆಯಲ್ಲಿ ಆ ಮಜಾ ಡಬ್ಬಿ ಬಿಚ್ಚಿದ ದಿನವೇ ಬರಲಿಲ್ಲ.

ಮೊದಲು ಆಟ ಏನು ಅಂತ ಹೇಳಿಬಿಡುತ್ತೇನೆ. ಸಿಂಗ್‌ಸ್ಟಾರ್ ಮಾಡಿದ್ದು ಸೋನಿಯ ಲಂಡನ್ ಸ್ಟುಡಿಯೋ, 2004ರಲ್ಲಿ. ಅದಕ್ಕೇ ಇಲ್ಲಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಅದು ಈಗಲೂ ಕಾಣುತ್ತದೆ. ಆನ್‌ಲೈನಿನಲ್ಲಿ ಹೊಸ ಹಾಡು ಕೊಳ್ಳುವ ವ್ಯವಸ್ಥೆ 2020ರ ಜನವರಿಯಲ್ಲಿ ಮುಚ್ಚಿತು, ಡಿಸ್ಕುಗಳು ಮಾತ್ರ ಮೊದಲಿನ ಹಾಗೇ ಓಡುತ್ತವೆ. ನಮ್ಮ ಡಿಸ್ನಿ ಡಿಸ್ಕಿನಲ್ಲಾದರೆ ಪರದೆಯ ಮೇಲೆ ಸಿನಿಮಾದ ದೃಶ್ಯ ಓಡುತ್ತದೆ. ಅದರ ಮೇಲೆ ಹಾಡಿನ ಸಾಲು, ಜೊತೆಗೆ ಸಣ್ಣ ಸಣ್ಣ ಪಟ್ಟಿಗಳು. ಸ್ವರ ಏರಿದರೆ ಪಟ್ಟಿ ಮೇಲಿರುತ್ತದೆ, ಸ್ವರ ಎಳೆಯಬೇಕಾದರೆ ಪಟ್ಟಿ ಉದ್ದವಿರುತ್ತದೆ. ನಾವು ಹಾಡಿದ್ದು ಬಣ್ಣವಾಗಿ ಬಂದು ಆ ಪಟ್ಟಿಯನ್ನು ತುಂಬುತ್ತದೆ. ಎಷ್ಟು ತುಂಬಿತೋ ಅಷ್ಟು ಅಂಕ. ಎಲ್ಲವೂ ಸರಿಯಾದರೆ 10,000.

ಮೊದಲ ರಾತ್ರಿ ಇಬ್ಬರನ್ನೂ ಎದುರುಬದುರು ಸ್ಪರ್ಧೆಗೆ ನಿಲ್ಲಿಸಿಬಿಟ್ಟೆ. ಮಗಳಿಗೆ ಆರು ಸಾವಿರ ಚಿಲ್ಲರೆ ಬಂತು, ಮಗನಿಗೆ ಒಂದು ಸಾವಿರವೂ ದಾಟಲಿಲ್ಲ. ಅವನಿಗೆ ಸಂಖ್ಯೆ ಸರಿಯಾಗಿ ಓದಲೂ ಬರುತ್ತಿರಲಿಲ್ಲ, ಅಕ್ಕನೇ ಗಟ್ಟಿಯಾಗಿ ಓದಿ ಹೇಳಿದಳು. ಮೈಕನ್ನು ಸೋಫಾ ಮೇಲೆ ಇಟ್ಟು ನನ್ನ ಮಡಿಲಿಗೆ ಬಂದು ಮುಖ ಮುಚ್ಚಿಕೊಂಡ. ಅಳು ಜೋರಾಗಿರಲಿಲ್ಲ, ಬಿಕ್ಕುತ್ತಿದ್ದ. ಹಾಡಿದ್ದಕ್ಕೆ ಮಗು ಅಳಬಾರದು. ಆ ರಾತ್ರಿ ಅದೊಂದೇ ನನ್ನ ತಲೆಯಲ್ಲಿ ಓಡುತ್ತಿತ್ತು.

ಮಾರನೆಯ ದಿನದಿಂದ ಕಂಟ್ರೋಲರ್ ನನ್ನ ಕೈಗೆ ತೆಗೆದುಕೊಂಡೆ. ಸ್ಪರ್ಧೆ ಬಂದ್. ಹಾಡು ಮುಗಿಯುತ್ತಿದ್ದಂತೆ ಅಂಕದ ಪುಟ ನಿಲ್ಲದ ಹಾಗೆ ಬಟನ್ ಒತ್ತಿ ಮುಂದೆ ಹೋಗುತ್ತಿದ್ದೆ. ಒಂದು ತಿಂಗಳು ಹೀಗೇ ನಡೆಯಿತು. ಸ್ಕೋರ್ ತೋರಿಸು ಅಂತ ಮಗಳು ಒಮ್ಮೆ ಕೇಳಿದಳು, ತಮ್ಮ ಮಲಗಿದ ಮೇಲೆ ಅವಳೊಬ್ಬಳಿಗೆ ತೋರಿಸಿದೆ. ಅವಳ ವಯಸ್ಸಿಗೆ ಅಂಕವೇ ಆಟ. ಒಂದೇ ಹಾಡನ್ನು ಐದು ಸಲ ಹಾಡಿ, ಎಲ್ಲಿ ತಪ್ಪುತ್ತಿದೆ ಅಂತ ಪಟ್ಟಿ ನೋಡಿ ತಿದ್ದಿಕೊಳ್ಳುವುದರಲ್ಲಿ ಅವಳಿಗೆ ಖುಷಿ. ಐದು ವರ್ಷದವನಿಗೆ ಅಂಕ ಬೇಕಾಗಿಯೇ ಇಲ್ಲ, ಅವನಿಗೆ ಕರಡಿ ಬೇಕು.

ಕರಡಿ ಅಂದರೆ ಬಾಲೂ, 1967ರ ‘ದಿ ಜಂಗಲ್ ಬುಕ್’ ಸಿನಿಮಾದ್ದು. ಆ ಸಿನಿಮಾವನ್ನು ಮಗ ಎಷ್ಟು ಸಲ ನೋಡಿದ್ದಾನೋ ಲೆಕ್ಕವಿಲ್ಲ. ಬಾಲೂ ಬೆನ್ನು ಕೆರೆದುಕೊಳ್ಳಲು ಮರಕ್ಕೆ ಒರಗಿದರೆ ಇವನೂ ಬಾಗಿಲ ಚೌಕಟ್ಟಿಗೆ ಒರಗಿ ಬೆನ್ನು ಉಜ್ಜುತ್ತಾನೆ. ಮೈಕು ಎಲ್ಲೋ, ಬಾಯಿ ಎಲ್ಲೋ. ಪರದೆಯ ಪಟ್ಟಿಗಳೆಲ್ಲ ಖಾಲಿ. ಇಡೀ ಮನೆಯಲ್ಲಿ ಆ ಹೊತ್ತಿಗೆ ಅವನಷ್ಟು ಸಂತೋಷವಾಗಿ ಇನ್ಯಾರೂ ಇರುವುದಿಲ್ಲ. ಓದಲು ಬಾರದ ಮಗು ಸಾಲು ನೋಡಿ ಹಾಡುವುದಿಲ್ಲ, ನೆನಪಿನಿಂದ ಹಾಡುತ್ತದೆ. ಮುಂದೇನು ಬರುತ್ತದೆ ಅಂತ ಹೇಳಿಕೊಡುವುದು ಸಿನಿಮಾದ ದೃಶ್ಯವೇ.

ಸಿನಿಮಾ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಅನ್ನುವುದನ್ನೂ ನೋಡಿದೆವು. ಪರಿಚಯದವರೊಬ್ಬರು ‘ಹೈಸ್ಕೂಲ್ ಮ್ಯೂಸಿಕಲ್: ಸಿಂಗ್ ಇಟ್’ ಡಿಸ್ಕ್ ಕೊಟ್ಟರು. ಅದೂ ಇಂಥದೇ ಆಟ, ‘ಹೈಸ್ಕೂಲ್ ಮ್ಯೂಸಿಕಲ್’ ಸಿನಿಮಾದ ಹಾಡುಗಳದ್ದು, 2007ರದ್ದು. ಅವರ ಮಗಳು ಚಿಕ್ಕವಳಿದ್ದಾಗ ಅದನ್ನು ಬಿಟ್ಟು ಏಳುತ್ತಲೇ ಇರಲಿಲ್ಲವಂತೆ. ನಮ್ಮ ಮಕ್ಕಳು ಆ ಸಿನಿಮಾ ನೋಡಿರಲಿಲ್ಲ. ಎರಡು ಹಾಡು ಗುನುಗಿ ಮಗಳು ಮೈಕು ಕೆಳಗಿಟ್ಟಳು. ಅದರಲ್ಲಿ ಆಟದ ತಪ್ಪೇನೂ ಇಲ್ಲ. ಆ ಹಾಡುಗಳು ಅವಳೊಳಗೆ ಇರಲಿಲ್ಲ, ಅಷ್ಟೇ. ಅಂದಿನಿಂದ ನಮ್ಮ ಮನೆಯ ಪದ್ಧತಿ ಹೀಗಿದೆ: ಶುಕ್ರವಾರ ರಾತ್ರಿ ಸಿನಿಮಾ, ಭಾನುವಾರ ಮಧ್ಯಾಹ್ನ ಅದರ ಹಾಡು. ‘ದಿ ಲಿಟಲ್ ಮರ್ಮೇಡ್’, ‘ದಿ ಲಯನ್ ಕಿಂಗ್’ ಎರಡನ್ನೂ ಹೀಗೇ ದಾಟಿದೆವು.

ಹಳೇ ಪ್ಲೇಸ್ಟೇಷನ್ ಅನ್ನು ಹೊಸ ಟಿವಿಗೆ ಜೋಡಿಸುವವರಿಗೆ ಒಂದು ಮಾತು. ಟಿವಿ ಚಿತ್ರವನ್ನು ತಿದ್ದಿ ತೀಡಿ ತೋರಿಸುವಷ್ಟರಲ್ಲಿ ಸ್ವಲ್ಪ ತಡವಾಗುತ್ತದೆ. ಕಣ್ಣಿಗೆ ಅದು ಗೊತ್ತೇ ಆಗುವುದಿಲ್ಲ. ಆದರೆ ಮಗು ತಾಳಕ್ಕೆ ಸರಿಯಾಗಿ ಹಾಡಿದರೂ ಪಟ್ಟಿ ತುಂಬುವುದಿಲ್ಲ. ಮಗಳು ಮೂರು ದಿನ ‘ನಾನು ಸರಿಯಾಗೇ ಹಾಡ್ತಿದೀನಿ ಅಮ್ಮಾ’ ಅಂದಳು. ಅವಳು ಹೇಳಿದ್ದೇ ನಿಜವಾಗಿತ್ತು. ಟಿವಿ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿದರೆ ಆ ತಿದ್ದುವ ಕೆಲಸ ಕಡಿಮೆಯಾಗುತ್ತದೆ, ಅದನ್ನು ಹಾಕಿದ ಮೇಲೆ ಸರಿಹೋಯಿತು.

ಅಂಕ ಕೊಡುವ ರೀತಿಯೂ ತಿಳಿದಿರಬೇಕು. ಇಲ್ಲದಿದ್ದರೆ ಮಕ್ಕಳು ಜಗಳ ತಂದಾಗ ಏನು ಹೇಳಬೇಕೋ ತಿಳಿಯುವುದಿಲ್ಲ. ಈ ಆಟ ನೋಡುವುದು ಸ್ವರ ಮತ್ತು ಹೊತ್ತು ಮಾತ್ರ, ಪದವನ್ನು ಅದು ಕೇಳಿಸಿಕೊಳ್ಳುವುದಿಲ್ಲ. ಇದನ್ನು ಕಂಡುಹಿಡಿದವನು ಮಗನೇ. ಆರು ತುಂಬುವಷ್ಟರಲ್ಲಿ, ಪದ ಬಿಟ್ಟು ಬರೀ ‘ಊಂ ಊಂ’ ಅಂದರೂ ಪಟ್ಟಿ ತುಂಬುತ್ತದೆ ಅಂತ ತಿಳಿದುಕೊಂಡ. ‘ಅಮ್ಮಾ, ಅವನು ಮೋಸ ಮಾಡ್ತಿದಾನೆ’ ಅಂತ ಅಕ್ಕನ ದೂರು. ನನಗೆ ಅದು ಮೋಸ ಅನ್ನಿಸಲಿಲ್ಲ. ಪದದ ಹಂಗಿಲ್ಲದೆ ಸ್ವರ ಹಿಡಿಯುವುದನ್ನೇ ಅಲ್ವಾ ನಾವು ಸಂಗೀತ ಪಾಠದಲ್ಲಿ ಅಕಾರದಲ್ಲಿ ಹಾಡಿ ಕಲಿತದ್ದು?

ಇನ್ನೊಂದು ಒಳ್ಳೆಯ ಗುಣ ಇದೆ. ಆಟಕ್ಕೆ ಸ್ಥಾಯಿಯ ಭೇದವಿಲ್ಲ. ಬಾಲೂನದು ದಪ್ಪ ಗಂಡು ಧ್ವನಿ. ಮಗು ಅದೇ ಸ್ವರವನ್ನು ಒಂದು ಸ್ಥಾಯಿ ಮೇಲೆ ಹಾಡಿದರೂ ಪೂರ್ತಿ ಅಂಕ. ಆದ್ದರಿಂದ ‘ಸಿನಿಮಾದಲ್ಲಿ ಇದ್ದ ಹಾಗೆ ದಪ್ಪ ಧ್ವನಿ ಮಾಡು’ ಅಂತ ಮಕ್ಕಳಿಗೆ ಹೇಳಬೇಡಿ, ಗಂಟಲು ಕೆಡುತ್ತದೆ. ಕೂಗಿದರೂ ಅಂಕ ಜಾಸ್ತಿಯಾಗುವುದಿಲ್ಲ. ಅರ್ಧ ಗಂಟೆ ಆದ ಮೇಲೆ ನಾನು ನೀರು ಕುಡಿಸಿ ನಿಲ್ಲಿಸುತ್ತೇನೆ.

ಮಗಳ ಹತ್ತನೇ ಹುಟ್ಟುಹಬ್ಬಕ್ಕೆ ಒಂಬತ್ತು ಮಕ್ಕಳು ಬಂದರು, ಮೈಕು ಇರುವುದು ಎರಡೇ. ಒಂದೊಂದು ಹಾಡು ಮೂರು, ನಾಲ್ಕು ನಿಮಿಷ. ಯಾವ ಹಾಡು ಅಂತ ಜಗಳಾಡಲು ಇನ್ನೂ ಅಷ್ಟೇ ಹೊತ್ತು. ಕೊನೆಯ ಮಗುವಿನ ಸರದಿ ಬರುವಷ್ಟರಲ್ಲಿ ಅರ್ಧದಷ್ಟು ಮಕ್ಕಳು ತೋಟಕ್ಕೆ ಓಡಿಹೋಗಿದ್ದರು. ಮುಂದಿನ ವರ್ಷ ಹಾಡಿನ ಪಟ್ಟಿ ಮೊದಲೇ ಬರೆದು ಗೋಡೆಗೆ ಅಂಟಿಸಿದೆ, ಒಂದೊಂದು ಸಾಲಿಗೆ ಮೈಕು ಕೈ ಬದಲಾಯಿಸಬೇಕು ಅಂತ ನಿಯಮ ಮಾಡಿದೆ. ಪಲ್ಲವಿ ಬಂದಾಗ ಎಲ್ಲರೂ ಒಟ್ಟಿಗೆ. ಆ ದಿನ ತೋಟಕ್ಕೆ ಯಾರೂ ಹೋಗಲಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಆ ಹುಟ್ಟುಹಬ್ಬದ ದಿನವೇ. ಬಂದವರಲ್ಲಿ ಒಬ್ಬ ಹುಡುಗಿ ಯಾರ ಹತ್ತಿರವೂ ಮಾತಾಡದವಳು. ರಾಜ್ಯೋತ್ಸವದ ವೇದಿಕೆ ಹತ್ತಿಸಿದರೆ ಅಮ್ಮನ ಸೆರಗು ಹುಡುಕುತ್ತಾಳೆ. ಅವಳು ಮೈಕು ಹಿಡಿದು, ಸದ್ದಿಲ್ಲದೆ ಶುರು ಮಾಡಿ, ಹಾಡು ಪೂರ್ತಿ ಮುಗಿಸಿದಳು. ಹೇಗೆ ಅಂತ ನೋಡುತ್ತಾ ನಿಂತೆ. ವೇದಿಕೆಯಲ್ಲಿ ಎಲ್ಲರ ಕಣ್ಣೂ ಮಗುವಿನ ಮೇಲೆ. ಇಲ್ಲಿ ಎಲ್ಲರೂ ಟಿವಿ ನೋಡುತ್ತಿದ್ದರು. ಅವಳೂ ನಮಗೆ ಬೆನ್ನು ಹಾಕಿ ಟಿವಿಯನ್ನೇ ನೋಡುತ್ತಿದ್ದಳು. ಅವಳನ್ನು ನೋಡುತ್ತಿದ್ದವಳು ನಾನೊಬ್ಬಳೇ, ಅದೂ ಅಡುಗೆಮನೆ ಬಾಗಿಲಿನಿಂದ. ನಾಚಿಕೆಯ ಮಕ್ಕಳಿರುವವರು ಬೇರೆ ಯಾವ ಕಾರಣಕ್ಕೂ ಬೇಡ, ಇದೊಂದಕ್ಕಾದರೂ ಈ ಆಟ ತರಬಹುದು. ಹಾಡಿ ಮುಗಿಸಿದಾಗ ಚಪ್ಪಾಳೆ ಜೋರಾಗಿ ಹೊಡೆಯಬೇಡಿ, ಅವರು ಮತ್ತೆ ಬೆಚ್ಚುತ್ತಾರೆ.

ಕಳೆದ ಬೇಸಿಗೆಯಲ್ಲಿ ನನ್ನ ಅಮ್ಮ ಹಾಸನದಿಂದ ಬಂದಿದ್ದರು. ‘ಅಜ್ಜಿಗೆ ಒಂದು ಹಾಡು ಹಾಕು’ ಅಂತ ಮಕ್ಕಳ ಒತ್ತಾಯ. ನಮ್ಮ ಡಿಸ್ಕುಗಳಲ್ಲಿ ಕನ್ನಡ ಎಲ್ಲಿಂದ ಬರಬೇಕು? ಆಗ ಹುಡುಕಿದಾಗ ಸಿಕ್ಕಿದ್ದು ಅಲ್ಟ್ರಾಸ್ಟಾರ್ ಡಿಲಕ್ಸ್. ಸಿಂಗ್‌ಸ್ಟಾರ್ ಮಾದರಿಯದೇ ಉಚಿತ ಸಾಫ್ಟ್‌ವೇರ್, ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ನಮ್ಮ ಕೆಂಪು, ನೀಲಿ ಮೈಕುಗಳ ಯುಎಸ್‌ಬಿ ಡಬ್ಬಿಯನ್ನು ಚುಚ್ಚಿದರೆ ಅದೂ ಕೆಲಸ ಮಾಡುತ್ತದೆ. ಎಲ್ಲಕ್ಕಿಂತ ದೊಡ್ಡ ವಿಷಯ, ಇದರಲ್ಲಿ ಹಾಡನ್ನು ನಾವೇ ಕಟ್ಟಬಹುದು.

‘ಭಾಗ್ಯವಂತ’ ಸಿನಿಮಾದಲ್ಲಿ ಪುನೀತ್ ರಾಜ್‌ಕುಮಾರ್ ಮಗುವಾಗಿದ್ದಾಗ ಹಾಡಿದ ‘ಬಾನ ದಾರಿಯಲ್ಲಿ’ ಆರಿಸಿಕೊಂಡೆ. ಮಗು ಹಾಡಿದ ಹಾಡು, ಮಕ್ಕಳ ಕಂಠಕ್ಕೆ ಒಗ್ಗುತ್ತದೆ. ಅಮ್ಮನಿಗೂ ಬಾಯಿಪಾಠ. ದುಡ್ಡು ಕೊಟ್ಟು ಕೊಂಡ ಹಾಡು, ನಮ್ಮ ಮನೆಯೊಳಗೆ ಮಾತ್ರ.

ಕೆಲಸ ಹೀಗೆ. ಒಂದು ಸಾದಾ ಟೆಕ್ಸ್ಟ್ ಫೈಲ್. ಮೇಲೆ ಹಾಡಿನ ಹೆಸರು, ಲಯದ ವೇಗ, ಹಾಡು ಶುರುವಾಗುವ ಹೊತ್ತು. ಅದರ ಕೆಳಗೆ ಒಂದೊಂದು ಅಕ್ಷರಕ್ಕೂ ಒಂದೊಂದು ಸಾಲು: ಎಲ್ಲಿ ಶುರು, ಎಷ್ಟು ಉದ್ದ, ಯಾವ ಸ್ವರ. ಕನ್ನಡಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಬಾ, ನ, ದಾ, ರಿ, ಯ, ಲ್ಲಿ ಅಂತ ಬಿಡಿಸುತ್ತಾ ಹೋದರೆ ಆಯಿತು. ಮಕ್ಕಳಿಗೆ ಕನ್ನಡ ಓದಲು ಇನ್ನೂ ಸರಿಯಾಗಿ ಬಾರದ್ದರಿಂದ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಒಂದು ಹಾಡಿಗೆ ನಾಲ್ಕು ರಾತ್ರಿ ಹಿಡಿಯಿತು.

ಅಮ್ಮ ಹಾಡಿದರು. ಮೊಮ್ಮಗಳಿಗಿಂತ ಕಡಿಮೆ ಅಂಕ ಬಂತು! ಶ್ರುತಿ ತಪ್ಪಿದ್ದಲ್ಲ. ಅವರು ಪ್ರತಿ ಸಾಲಿನ ಕೊನೆಯಲ್ಲಿ ಸ್ವರವನ್ನು ಒಂಚೂರು ಅಲುಗಿಸಿ, ಜಾರಿಸಿ ಬಿಡುತ್ತಾರೆ. ನಾನು ಬರೆದದ್ದು ಚಪ್ಪಟೆ ಪಟ್ಟಿ. ಗಮಕ ಅದರೊಳಗೆ ಕೂರುವುದಿಲ್ಲ. ‘ಅಜ್ಜಿ, ನೀವು ಸೋತ್ರಿ’ ಅಂದ ಮಗ. ‘ಸೋಲ್ಲಿ ಬಿಡೋ ಮರಿ, ಹಾಡು ಚೆನ್ನಾಗಿತ್ತೋ ಇಲ್ವೋ?’ ಅಂದರು ಅಮ್ಮ. ಅವನು ಸ್ವಲ್ಪ ಯೋಚಿಸಿ, ಚೆನ್ನಾಗಿತ್ತು ಅಂತ ತಲೆಯಾಡಿಸಿದ.

ಆ ರಾತ್ರಿಯೇ ಫೈಲ್ ತೆರೆದೆ. ಸಾಲಿನ ಮೊದಲಿಗೆ ಎಫ್ ಅಕ್ಷರ ಹಾಕಿದರೆ ಆ ಸ್ವರಕ್ಕೆ ಅಂಕದ ಲೆಕ್ಕವಿಲ್ಲ, ಹೇಗೆ ಬೇಕಾದರೂ ಹಾಡಬಹುದು. ಅಮ್ಮ ಎಲ್ಲೆಲ್ಲಿ ಗಮಕ ಕೊಡುತ್ತಾರೋ ಅಲ್ಲೆಲ್ಲ ಎಫ್ ಹಾಕಿದೆ. ಕಷ್ಟದ ಮಟ್ಟವನ್ನು ಸುಲಭಕ್ಕೆ ಇಳಿಸಿದೆ. ಅಲ್ಲಿ ಸ್ವರ ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ. ಬೆಳಿಗ್ಗೆ ಕಾಫಿ ಕುಡಿದು ಅಮ್ಮ ಮತ್ತೆ ಹಾಡಿದರು. ಮಕ್ಕಳಿಬ್ಬರೂ ನೆಲದ ಮೇಲೆ ಕೂತು ಕೇಳಿದರು. ಮಗ ಅಂದು ಪಟ್ಟಿ ನೋಡಲಿಲ್ಲ, ಅಜ್ಜಿಯ ಬಾಯಿಯನ್ನೇ ನೋಡುತ್ತಿದ್ದ. ಸಂಜೆ ಸ್ನಾನ ಮಾಡುವಾಗ ಸಾಲಿನ ಕೊನೆಯನ್ನು ಅಜ್ಜಿಯ ಹಾಗೇ ಜಾರಿಸಲು ನೋಡುತ್ತಿದ್ದದ್ದು ಬಾಗಿಲಾಚೆ ನನಗೆ ಕೇಳಿಸಿತು.

ಅಮ್ಮ ಊರಿಗೆ ಹೋಗಿ ಈಗ ಐದು ತಿಂಗಳು. ನಾನು ಎರಡನೇ ಹಾಡು ಕಟ್ಟುತ್ತಿದ್ದೇನೆ. ಸಾಲು ಎಲ್ಲಿ ಮುರಿಯಬೇಕು ಅನ್ನುವುದೇ ಕಷ್ಟ, ಪರದೆಯಲ್ಲಿ ಒಂದು ಸಲಕ್ಕೆ ಕಾಣುವುದು ಅಷ್ಟೇ. ನಿನ್ನೆ ಮಗ ಪಕ್ಕದಲ್ಲಿ ಕೂತು ಹಾಡಿ ನೋಡುತ್ತಿದ್ದ. ನಾನು ಮುರಿದ ಜಾಗ ಅವನಿಗೆ ಸರಿಬರಲಿಲ್ಲ. ಬೆರಳಿಟ್ಟು ಎರಡು ಅಕ್ಷರ ಹಿಂದಕ್ಕೆ ತೋರಿಸಿ, ‘ಇಲ್ಲಿ ಕಟ್ ಮಾಡಮ್ಮಾ. ಅಜ್ಜಿ ಇಲ್ಲಿ ಉಸಿರು ತಗೋತಾರೆ’ ಅಂದ.