ಡಿಜಿಕ್ಯಾಮ್‌ನ ಹೊಸ ಆವೃತ್ತಿಗಳು ಮತ್ತು ನಮ್ಮ ಒಕ್ಕದ ಹಳೆಯ ಫೋಟೊಗಳು

2018ರ ಆಗಸ್ಟ್ ಮಳೆಯಲ್ಲಿ ಕೊಡಗಿನ ಮಕ್ಕಂದೂರು ಕಡೆಯ ನಮ್ಮ ನೆಂಟರೊಬ್ಬರ ಮನೆಯ ಹಿಂದಿನ ಬರೆ ಕುಸಿದು ಅಡುಗೆಮನೆಯ ಭಾಗವೆಲ್ಲ ಮಣ್ಣಿನಡಿ ಸೇರಿತು. ಮನೆಯವರು ಹಿಂದಿನ ದಿನವೇ ಹೊರಟು ಬಂದಿದ್ದರಿಂದ ಯಾರ ಜೀವಕ್ಕೂ ಏನೂ ಆಗಲಿಲ್ಲ; ಆದರೆ ಅಲ್ಮೇರಾದಲ್ಲಿದ್ದ ಮೂರು ಆಲ್ಬಂಗಳು ಕೆಸರುನೀರಿನಲ್ಲಿ ನೆನೆದು, ಹಾಳೆಗೆ ಹಾಳೆ ಅಂಟಿಕೊಂಡು, ಇಟ್ಟಿಗೆಯಂತಾಗಿದ್ದವು. ಅಜ್ಜನ ಮದುವೆಯದೆಂದು ಇದ್ದ ಒಂದೇ ಒಂದು ಫೋಟೊ ಅದರೊಳಗಿತ್ತು. ಆ ವರ್ಷ ಸುಗ್ಗಿಯ ಹಬ್ಬವಾದ ಹುತ್ತರಿಗೆ ನಮ್ಮ ಒಕ್ಕದವರೆಲ್ಲ, ಅಂದರೆ ಒಂದೇ ಮನೆತನದವರೆಲ್ಲ, ಹಿರಿಯರ ಮೂಲಮನೆಯಾದ ಐನ್‌ಮನೆಯಲ್ಲಿ ಸೇರಿದಾಗ, ಯಾರ ಮನೆಯಲ್ಲಿ ಎಷ್ಟು ಹಳೆಯ ಫೋಟೊಗಳಿವೆಯೋ ಅಷ್ಟನ್ನೂ ಸ್ಕ್ಯಾನ್ ಮಾಡಿ ಒಂದು ಕಡೆ ಇಡಬೇಕೆಂದು ಹಿರಿಯರು ತೀರ್ಮಾನಿಸಿದರು. ಕಂಪ್ಯೂಟರ್ ಮುಂದೆ ಕೂರುವವನು ನಾನೊಬ್ಬನೇ ಎಂಬ ಕಾರಣಕ್ಕೆ ಆ ಕೆಲಸ ನನ್ನ ಪಾಲಿಗೆ ಬಂತು.

ತೋಟದ ಮತ್ತು ಹಕ್ಕಿಗಳ ಫೋಟೊಗಳನ್ನು ಜೋಡಿಸಿಡಲು ನಾನು ಆ ಹೊತ್ತಿಗಾಗಲೇ ಡಿಜಿಕ್ಯಾಮ್ ಬಳಸುತ್ತಿದ್ದೆ. 2001ರಲ್ಲಿ ರೆಂಚಿ ರಾಜು ಅವರು ಆರಂಭಿಸಿದ, ಮುಂದೆ ಫ್ರಾನ್ಸಿನ ಜಿಲ್ ಕೋಲಿಯೇ ಅವರ ಮುಂದಾಳತ್ವದಲ್ಲಿ ಬೆಳೆದ, ಕೆಡಿಇ ಎಂಬ ಮುಕ್ತ ತಂತ್ರಾಂಶ ಬಳಗಕ್ಕೆ ಸೇರಿದ ಈ ತಂತ್ರಾಂಶವನ್ನು ಸ್ವಯಂಸೇವಕರೇ ಕಟ್ಟುತ್ತ ಬಂದಿದ್ದಾರೆ. ಇದಕ್ಕೆ ಬೆಲೆಯಿಲ್ಲ, ವರ್ಷದ ಚಂದಾ ಇಲ್ಲ. ಮೂಲ ಕೋಡ್ ಜಿಪಿಎಲ್ ಪರವಾನಗಿಯಡಿ ಎಲ್ಲರಿಗೂ ತೆರೆದಿದೆ. ಬೆಲೆಯಿಲ್ಲ ಎಂಬುದಕ್ಕಿಂತ ಮುಖ್ಯವಾಗಿ ನನ್ನನ್ನು ಹಿಡಿದಿಟ್ಟ ಗುಣ ಬೇರೆ. ನಮ್ಮ ಹಿರಿಯರು ಫೋಟೊದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು, ಊರು, ಇಸವಿ ಬರೆದಿಡುತ್ತಿದ್ದರಲ್ಲ, ಡಿಜಿಕ್ಯಾಮ್ ಕೂಡ ಹಾಗೆಯೇ ನಾವು ಕೊಟ್ಟ ಹೆಸರು, ಟ್ಯಾಗ್, ವಿವರಣೆಗಳನ್ನು ಫೋಟೊ ಫೈಲಿನ ಒಳಗೇ ಬರೆದಿಡಬಲ್ಲದು. ನಾಳೆ ಈ ತಂತ್ರಾಂಶವೇ ಇಲ್ಲವಾದರೂ ಬರೆದದ್ದು ಫೋಟೊದ ಜೊತೆಯಲ್ಲೇ ಇರುತ್ತದೆ.

ಇಲ್ಲಿ ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ ಒಂದು ಸಣ್ಣ ವಿಚಾರವಿದೆ. ಫೋಟೊದೊಳಗೆ ವಿವರ ಬರೆಯಲು ಐಪಿಟಿಸಿ ಎಂಬ ಹಳೆಯ ಕ್ರಮವೊಂದು, ಎಕ್ಸ್‌ಎಂಪಿ ಎಂಬ ಹೊಸ ಕ್ರಮವೊಂದು ಇವೆ. ಐಪಿಟಿಸಿಯಲ್ಲಿ ಒಂದು ಕೀವರ್ಡಿಗೆ 64 ಬೈಟುಗಳಷ್ಟೇ ಜಾಗವಿದೆ. ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತವೂ, ಒತ್ತು ಗುಣಿತಗಳನ್ನು ಬಿಡಿಯಾಗಿ ಎಣಿಸಿದರೂ, ಮೂರು ಬೈಟು ತಿನ್ನುತ್ತದೆ; ಅಂದರೆ ಇಪ್ಪತ್ತೊಂದು ಸಂಕೇತಗಳಿಗೆ ಜಾಗ ಮುಗಿಯಿತು. ಮನೆತನದ ಹೆಸರನ್ನೂ ಸೇರಿಸಿ ಬರೆಯುವ ನಮ್ಮ ಕಡೆಯ ಹೆಸರುಗಳು ಅದರಲ್ಲಿ ಹಿಡಿಸುವುದಿಲ್ಲ. ಎಕ್ಸ್‌ಎಂಪಿಗೆ ಈ ತೊಡಕಿಲ್ಲವಾದ್ದರಿಂದ ನಾನು ಮೊದಲಿನಿಂದಲೂ ಅದನ್ನೇ ನೆಚ್ಚಿಕೊಂಡಿದ್ದೇನೆ.

ಇನ್ನು ಹೊಸ ಆವೃತ್ತಿಗಳ ಮಾತು. ನನ್ನ ಕಂಪ್ಯೂಟರಿನ ಕಾರ್ಯಾಚರಣೆ ವ್ಯವಸ್ಥೆಯಾದ 2018ರ ಉಬುಂಟುವಿನ ಜೊತೆಗೆ ಬಂದಿದ್ದ ಡಿಜಿಕ್ಯಾಮ್ 5.6ನ್ನೇ ನಾನು ಎರಡು ವರ್ಷ ಬಳಸಿದೆ. 2019ರ ಫೆಬ್ರವರಿಯಲ್ಲಿ 6.0 ಬಂದು, ವಿಡಿಯೊಗಳನ್ನೂ ಫೋಟೊಗಳಂತೆಯೇ ಜೋಡಿಸಿಡುವ ಸೌಲಭ್ಯ ಕೊಟ್ಟಿತ್ತು. ನನ್ನ ಮುಂದಿದ್ದದ್ದು ಸ್ಕ್ಯಾನ್ ಮಾಡಿದ ಕಪ್ಪು ಬಿಳುಪು ಚಿತ್ರಗಳಾದ್ದರಿಂದ ನಾನು ಅದರತ್ತ ತಲೆ ಹಾಕಲಿಲ್ಲ. 2020ರ ಜುಲೈನಲ್ಲಿ 7.0 ಬಂದಾಗ ಮಾತ್ರ ಸುಮ್ಮನಿರಲಾಗಲಿಲ್ಲ. ಅದುವರೆಗಿನ ಮುಖ ಗುರುತಿಸುವ ವ್ಯವಸ್ಥೆಯನ್ನು ತೆಗೆದು, ಡೀಪ್ ಲರ್ನಿಂಗ್ (ಅಸಂಖ್ಯ ಉದಾಹರಣೆಗಳಿಂದ ಯಂತ್ರವೇ ಕಲಿಯುವ ಕ್ರಮ) ಆಧಾರದ ಹೊಸ ವ್ಯವಸ್ಥೆಯನ್ನು ಅದರಲ್ಲಿ ಕೂರಿಸಿದ್ದರು. ಗೂಗಲ್ ಸಮ್ಮರ್ ಆಫ್ ಕೋಡ್ ಎಂಬ ಯೋಜನೆಯ ಮೂಲಕ ಬಂದ ವಿದ್ಯಾರ್ಥಿಗಳ ದುಡಿಮೆಯೂ ಅದರ ಹಿಂದೆ ಇತ್ತು. ಹಳೆಯ ವ್ಯವಸ್ಥೆ ನನ್ನ ಸಂಗ್ರಹದಲ್ಲಿ ಕರಿಮೆಣಸಿನ ಬಳ್ಳಿ ಹಬ್ಬಿದ ಮರದ ಕಾಂಡವನ್ನೂ ಮುಖವೆಂದು ತೋರಿಸುತ್ತಿತ್ತು.

ಆಗ ನಾನು ಮಾಡಿದ ತಪ್ಪನ್ನು ವಿವರವಾಗಿಯೇ ಹೇಳಬೇಕು. ಹೊರಗೆ ಕೊರೊನಾ, ಮೇಲೆ ಮಳೆ, ಕೈಯಲ್ಲಿ ಬೇಕಾದಷ್ಟು ಸಮಯ. 7.0ರ ಆ್ಯಪ್‌ಇಮೇಜ್ (ಸ್ಥಾಪಿಸದೆ ನೇರವಾಗಿ ತೆರೆಯಬಹುದಾದ) ಫೈಲನ್ನು ಇಳಿಸಿಕೊಂಡು ಅದೇ ಹೊತ್ತಿಗೆ ತೆರೆದುಬಿಟ್ಟೆ. ಅದು ಫೋಟೊಗಳ ವಿವರವನ್ನೆಲ್ಲ ಕೂಡಿಟ್ಟ ನನ್ನ ಡೇಟಾಬೇಸನ್ನು ಹೊಸ ರಚನೆಗೆ ಬದಲಾಯಿಸಿಕೊಂಡು ಕೆಲಸ ಶುರು ಮಾಡಿತು. ನಾಲ್ಕು ಜಿಬಿ ರ್‍ಯಾಮ್‌ನ ನನ್ನ ಹಳೆಯ ಯಂತ್ರಕ್ಕೆ ಮುಖ ಹುಡುಕುವ ಕೆಲಸದ ಭಾರ ತಡೆಯಲಾಗದೆ ಅರ್ಧ ದಾರಿಯಲ್ಲಿ ಅದು ಮಿಸುಕದೆ ನಿಂತಿತು. ಸರಿ, ಹಳೆಯದಕ್ಕೇ ಹಿಂತಿರುಗೋಣ ಎಂದು 5.6 ತೆರೆದರೆ, ಈ ಡೇಟಾಬೇಸನ್ನು ಹೊಸ ಆವೃತ್ತಿಯೊಂದು ಬದಲಿಸಿದೆ, ಈ ಆವೃತ್ತಿಯಲ್ಲಿ ಅದನ್ನು ಬಳಸಲಾಗದು ಎಂಬ ಸೂಚನೆ ಬಂತು. ಬ್ಯಾಕಪ್ ಇರಲಿಲ್ಲ. ಗಾಬರಿಯಲ್ಲಿ ಆ ಡೇಟಾಬೇಸ್ ಫೈಲನ್ನೇ ಅಳಿಸಿ, ಫೋಟೊಗಳ ಫೋಲ್ಡರಿನಿಂದ ಹೊಸದೊಂದನ್ನು ಕಟ್ಟಿಸಿದೆ. ಫೋಟೊದೊಳಗೆ ಬರೆದಿದ್ದ ಹೆಸರುಗಳೆಲ್ಲ ಹಾಗೆಯೇ ಮರಳಿ ಬಂದವು. ಆದರೆ ಯಾವ ಹೆಸರು ಯಾವ ಮುಖದ್ದು ಎಂದು ತೋರಿಸುವ ಚೌಕಗಳು ಬರಲಿಲ್ಲ, ಏಕೆಂದರೆ ಮುಖದ ಗುರುತನ್ನೂ ಫೈಲಿಗೆ ಬರೆಯಬೇಕೆಂಬ ಆಯ್ಕೆಯನ್ನು ನಾನು ಹಾಕಿರಲೇ ಇಲ್ಲ. ಮೂವತ್ತು ಜನ ನಿಂತ ಗುಂಪು ಫೋಟೊದಲ್ಲಿ ಮೂವತ್ತು ಹೆಸರುಗಳಿದ್ದು, ಯಾರು ಯಾರೆಂದು ಗೊತ್ತಾಗದಿದ್ದರೆ ಅದರಿಂದ ಏನು ಉಪಯೋಗ? ದೊಡ್ಡಮ್ಮನ ಪಕ್ಕ ಕುಳಿತು ಎರಡು ತಿಂಗಳು ಹಾಕಿದ ಸುಮಾರು ಸಾವಿರ ಚೌಕಗಳು ಹಾಗೆ ಹೋದವು.

ಆ ಮೇಲೆ ರ್‍ಯಾಮ್ ಹಾಕಿಸಿ, ಮುಖದ ಗುರುತು ಫೈಲಿಗೆ ಬರೆಯುವ ಆಯ್ಕೆಯನ್ನು ಹಾಕಿ, ಮತ್ತೆ 7ರ ಸಾಲಿಗೆ ಬಂದೆ. ಮೊದಲು ದೊಡ್ಡಮ್ಮ ಹೇಳಿ ನಾನು ಹಾಕಬೇಕಿದ್ದ ಚೌಕವನ್ನು ಈಗ ಯಂತ್ರವೇ ಹಾಕಿ, ಕೆಲವು ಮುಖಗಳಿಗೆ ಹೆಸರು ಕಲಿಸಿಕೊಟ್ಟ ಮೇಲೆ ಉಳಿದವಕ್ಕೆ ತಾನೇ ಹೆಸರು ಸೂಚಿಸತೊಡಗಿತು. ಈ ಕೆಲಸವೆಲ್ಲ ನಮ್ಮ ಯಂತ್ರದಲ್ಲೇ ನಡೆಯುತ್ತದೆ, ಫೋಟೊಗಳು ಎಲ್ಲಿಗೂ ಹೋಗುವುದಿಲ್ಲ ಎಂದು ತಿಳಿಸಿದ ಮೇಲೆಯೇ ಒಕ್ಕದ ಕೆಲವರು ತಮ್ಮ ಆಲ್ಬಂಗಳನ್ನು ಕೊಡಲು ಒಪ್ಪಿದ್ದು. ಮದುವೆ, ಕೈಲ್‌ಪೊಳ್ದ್ ಹಬ್ಬ, ಹುತ್ತರಿ, ಯಾವ ಫೋಟೊ ನೋಡಿದರೂ ಗಂಡಸರೆಲ್ಲ ಒಂದೇ ಬಗೆಯ ಕುಪ್ಯಚೇಲೆ (ನಿಲುವಂಗಿ, ನಡುಪಟ್ಟಿ), ಒಂದೇ ಬಗೆಯ ಮಂಡೆತುಣಿ (ತಲೆಯ ರುಮಾಲು). ಹಣೆ ಅರ್ಧ ಮುಚ್ಚಿದ ಅಣ್ಣತಮ್ಮಂದಿರ ಮುಖಗಳಲ್ಲಿ ಯಂತ್ರ ಎಡವುವುದು ಸಹಜ. ನೇರವಾಗಿ ಕ್ಯಾಮೆರಾ ನೋಡಿದವರನ್ನು ಚೆನ್ನಾಗಿ ಹಿಡಿಯಿತು, ಓರೆಯಾಗಿ ನಿಂತವರನ್ನು ನಾವೇ ಗುರುತಿಸಬೇಕಾಯಿತು.

ಅದಕ್ಕಿಂತ ಹೆಚ್ಚು ತೊಡಕಾದದ್ದು ಹೆಸರುಗಳಿಂದ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ವಾಡಿಕೆಯಿಂದಾಗಿ ನಮ್ಮ ಒಕ್ಕದಲ್ಲಿ ಒಂದೇ ಹೆಸರಿನವರು ಮೂವರಿದ್ದಾರೆ. ಹಾಗಾಗಿ ಟ್ಯಾಗ್‌ಗಳನ್ನು ಮರದಂತೆ ಕವಲೊಡೆಸಿ, ಮೊದಲು ಯಾವ ಮನೆ, ಅದರಡಿ ಯಾವ ತಲೆಮಾರು, ಅದರಡಿ ಹೆಸರು ಎಂದು ಇಟ್ಟೆ. ಹೆಸರಿನ ಮುಂದೆ ಹುಟ್ಟಿದ ಇಸವಿಯನ್ನೂ ಸೇರಿಸಿದೆ. ಒಮ್ಮೆ 1958ರ ಫೋಟೊದ ಬಾಲಕನೊಬ್ಬನಿಗೆ ಯಂತ್ರವು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಹುಡುಗನ ಹೆಸರನ್ನು ಸೂಚಿಸಿತು. ಅವನು ಆ ಬಾಲಕನ ಮೊಮ್ಮಗ. ನಾನು ಅದನ್ನು ತೆಗೆಯಲು ಹೋದಾಗ ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು, "ಅದು ತಪ್ಪು ಹೇಳಿಲ್ಲ ಮಗ, ಅದೇ ಮೂಗಲ್ವಾ?" ಎಂದರು.

ದಿನಾಂಕದ ವಿಷಯದಲ್ಲಿ ನನಗೆ ನೆರವಾದದ್ದು ಹೊಸತೇನಲ್ಲ, ಹಿಂದಿನಿಂದಲೂ ಇರುವ ಸಮಯ ತಿದ್ದುವ ಸಾಧನ. ಸ್ಕ್ಯಾನ್ ಮಾಡಿದ ಫೈಲಿಗೆ ಸ್ಕ್ಯಾನ್ ಮಾಡಿದ ದಿನವೇ ದಿನಾಂಕವಾಗಿ ಕೂರುವುದರಿಂದ, 1962ರ ಹುತ್ತರಿಯ ಕೋಲಾಟ 2019ರ ಸಾಲಿನಲ್ಲಿ ಬಂದು ನಿಲ್ಲುತ್ತದೆ. ಇಸವಿ ಮಾತ್ರ ಗೊತ್ತಿರುವ ಫೋಟೊಗಳಿಗೆ ಆ ವರ್ಷದ ಜನವರಿ 1ನ್ನು ಕೊಟ್ಟು, "ಅಂದಾಜು" ಎಂಬ ಟ್ಯಾಗನ್ನೂ ಅಂಟಿಸಿದೆ. ಆ ಟ್ಯಾಗ್ ಇಲ್ಲದಿದ್ದರೆ ಮುಂದಿನವರು ಇಡೀ ಒಕ್ಕ ಪ್ರತಿ ವರ್ಷ ಜನವರಿ ಒಂದರಂದೇ ಫೋಟೊ ತೆಗೆಸುತ್ತಿತ್ತೆಂದು ತಿಳಿದಾರು.

2023ರ ಏಪ್ರಿಲ್‌ನಲ್ಲಿ ಬಂದ 8.0ರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಚಿತ್ರದಲ್ಲಿರುವ ಅಕ್ಷರಗಳನ್ನು ಓದುವ ಸೌಲಭ್ಯ. ಇದರ ಹಿಂದೆ ದುಡಿಯುವುದು ಟೆಸೆರಾಕ್ಟ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ. ಅದಕ್ಕೆ ಕನ್ನಡದ ದತ್ತಾಂಶವನ್ನು ಬೇರೆಯಾಗಿ ಸೇರಿಸಿಕೊಂಡರೆ ಕನ್ನಡವನ್ನೂ ಓದುತ್ತದೆ. ಅಚ್ಚಾದ ಮದುವೆ ಕರೆಯೋಲೆಗಳನ್ನು ಕೊಟ್ಟು ನೋಡಿದೆ. ನೇರವಾಗಿ ಅಚ್ಚಾದ ಸಾಲುಗಳು ಬಹುಮಟ್ಟಿಗೆ ಸರಿಯಾಗಿ ಬಂದವು. ಅಲಂಕಾರದ ಅಕ್ಷರಗಳಿದ್ದ ಕಡೆ ಒತ್ತಕ್ಷರಗಳು ಬಿದ್ದುಹೋದವು. ಫೋಟೊದ ಹಿಂಬದಿಯ ಪೆನ್ಸಿಲ್ ಬರಹವನ್ನಂತೂ ಅದು ಓದಲಾರದು, ಕೈಬರಹಕ್ಕೆಂದು ಅದನ್ನು ಮಾಡಿಲ್ಲ. ಆ ಬರಹಗಳನ್ನೆಲ್ಲ ನಾನೇ ಟೈಪ್ ಮಾಡಿದ್ದೇನೆ.

2024ರ ಮಾರ್ಚ್‌ನಲ್ಲಿ ಬಂದ 8.3ರ ತಾನೇ ಟ್ಯಾಗ್ ಹಾಕುವ ಸೌಲಭ್ಯದ ಬಗ್ಗೆ ನನಗೆ ಎರಡು ಮನಸ್ಸಿದೆ. ಚಿತ್ರದಲ್ಲಿರುವ ವಸ್ತುವನ್ನು ಗುರುತಿಸಿ ಅದು ಹೆಸರು ಕೊಡುತ್ತದೆ, ಆದರೆ ಅದಕ್ಕೆ ಕಲಿಸಿರುವ ವಸ್ತುಗಳ ಪಟ್ಟಿ ಬೇರೆ ನಾಡಿನ ಬೀದಿ, ಮನೆಗಳದ್ದು. ನಮ್ಮ ಕಾಫಿ ಗಿಡವನ್ನು ಕುಂಡದ ಗಿಡವೆಂದಿತು. ಐನ್‌ಮನೆಯ ಫೋಟೊಗಳ ಮೇಲೆ ಅದನ್ನು ನಾನು ಬಿಡಲೇ ಇಲ್ಲ. ಆದರೆ ಆ ಪಟ್ಟಿಯಲ್ಲಿ ಆನೆ ಇದೆ! ಹಲಸಿನ ಹಣ್ಣಿನ ಕಾಲದಲ್ಲಿ ನಮ್ಮ ತೋಟಕ್ಕೆ ಆನೆಗಳು ಯಾವ ದಾರಿಯಿಂದ ಇಳಿಯುತ್ತವೆಂದು ತಿಳಿಯಲು ಸೋಲಾರ್ ಬೇಲಿಯ ಬಳಿ ಎರಡು ಕ್ಯಾಮೆರಾ ಟ್ರ್ಯಾಪ್ ಕಟ್ಟಿದ್ದೇನೆ. ಗಾಳಿಗೆ ಕೊಂಬೆ ಅಲುಗಿದರೂ ಅವು ಚಿತ್ರ ತೆಗೆಯುವುದರಿಂದ ಒಂದು ತಿಂಗಳಿಗೆ ಸಾವಿರಾರು ಖಾಲಿ ಚಿತ್ರಗಳು ಸೇರುತ್ತವೆ. ಅವುಗಳನ್ನು ಬೇರೆ ಫೋಲ್ಡರಿಗೆ ಹಾಕಿ ಈ ಸೌಲಭ್ಯವನ್ನು ಓಡಿಸಿದೆ. ಹಗಲಿನ ಆನೆ, ನಾಯಿ, ಮನುಷ್ಯರನ್ನು ಅದು ಚೆನ್ನಾಗಿಯೇ ಬೇರ್ಪಡಿಸಿತು. ರಾತ್ರಿಯ ಬೂದು ಚಿತ್ರಗಳಲ್ಲಿ ಅರ್ಧಕ್ಕರ್ಧ ತಪ್ಪಿತು. ಅಷ್ಟಾದರೂ ಒಂದು ಸಂಜೆಯ ಕಣ್ಣುರಿ ಉಳಿಯಿತು.

ಹೊಸ ಆವೃತ್ತಿಯನ್ನು ಈಗ ನಾನು ತೆಗೆದುಕೊಳ್ಳುವ ಕ್ರಮ ಹೀಗಿದೆ. ಬಿಡುಗಡೆಯ ಟಿಪ್ಪಣಿಯನ್ನು ಪೂರ್ತಿ ಓದಿ, ಅದರಲ್ಲಿ ನನ್ನ ಕೆಲಸಕ್ಕೆ ತಾಗುವುದು ಏನಾದರೂ ಇದ್ದರೆ ಮಾತ್ರ ಇಳಿಸಿಕೊಳ್ಳುತ್ತೇನೆ. ಮುಖ ಗುರುತಿಸುವುದೇ ಮೊದಲಾದ ಕೆಲಸಗಳಿಗೆ ಬೇಕಾದ, ಯಂತ್ರ ಕಲಿತದ್ದನ್ನು ಇಟ್ಟುಕೊಂಡಿರುವ ಮಾಡೆಲ್ ಫೈಲುಗಳು ನೂರಾರು ಎಂಬಿ ಇರುತ್ತವೆ. ನಮ್ಮ ಊರಿನ ಜಾಲ ಸಂಪರ್ಕದಲ್ಲಿ ಅವು ಇಳಿಯುವಷ್ಟರಲ್ಲಿ ಕರೆಂಟ್ ಹೋಗುವುದು ಖಚಿತವಾದ್ದರಿಂದ ಮಡಿಕೇರಿಗೆ ಹೋದ ದಿನ ಲ್ಯಾಪ್‌ಟಾಪ್ ಕೊಂಡೊಯ್ಯುತ್ತೇನೆ. ಆ್ಯಪ್‌ಇಮೇಜ್ ಒಂದೇ ಫೈಲಾಗಿ ಬರುವುದರಿಂದ ಹಳೆಯದನ್ನು ತೆಗೆಯದೆ ಪಕ್ಕದಲ್ಲೇ ಹೊಸದನ್ನು ಇಟ್ಟುಕೊಳ್ಳಬಹುದು. ತೆರೆಯುವ ಮೊದಲು ಡೇಟಾಬೇಸ್ ಫೈಲುಗಳ ಪ್ರತಿ ತೆಗೆದು, ಅದನ್ನು ಬರೆದ ಹಳೆಯ ಆ್ಯಪ್‌ಇಮೇಜ್ ಜೊತೆಯಲ್ಲೇ ಒಂದು ಫೋಲ್ಡರಿನಲ್ಲಿ ಇಡುತ್ತೇನೆ. ಮುಖ್ಯ ಡೇಟಾಬೇಸಿನ ಹೆಸರಿನಲ್ಲಿ 8ರ ಸಾಲಿನ ಆವೃತ್ತಿಗಳಲ್ಲೂ 4 ಎಂಬ ಅಂಕಿಯೇ ಇದೆ. ಅದನ್ನು ನೋಡಿ ಹಳೆಯ ಕಸವೆಂದು ಯಾರೂ ಅಳಿಸಬಾರದು. ಕಿರುಚಿತ್ರಗಳ ಡೇಟಾಬೇಸನ್ನು ಮಾತ್ರ ಪ್ರತಿ ತೆಗೆಯುವುದಿಲ್ಲ, ಗಾತ್ರದಲ್ಲಿ ಅದೇ ದೊಡ್ಡದು, ಬೇಕಾದರೆ ಅದನ್ನು ಮತ್ತೆ ಕಟ್ಟಿಸಬಹುದು.

ಮೊದಲ ಪ್ರಯೋಗ ಯಾವಾಗಲೂ ಇನ್ನೂರು ಫೋಟೊಗಳ ಪ್ರತಿಯ ಮೇಲೆ. ಡಿಜಿಕ್ಯಾಮನ್ನು ಆದೇಶ ಟೈಪ್ ಮಾಡುವ ಟರ್ಮಿನಲ್‌ನಿಂದ ತೆರೆಯುವಾಗ ಡೇಟಾಬೇಸ್ ಯಾವ ಫೋಲ್ಡರಿನಲ್ಲಿದೆಯೆಂದು ಹೇಳುವ ಆಯ್ಕೆಯೊಂದಿದೆ. ಅದರಿಂದ ಆ ಇನ್ನೂರು ಫೋಟೊಗಳಿಗೆಂದೇ ಬೇರೆ ಡೇಟಾಬೇಸ್ ತೋರಿಸಿ ಹೊಸ ಆವೃತ್ತಿಯನ್ನು ಓಡಿಸುತ್ತೇನೆ. ಆ ಇನ್ನೂರರಲ್ಲಿ ಎಲ್ಲ ಬಗೆಯವೂ ಇವೆ: ಉದ್ದ ಹೆಸರಿನ ಕನ್ನಡ ಟ್ಯಾಗ್ ಇರುವವು, ಹಕ್ಕಿಗಳ ರಾ (ಕ್ಯಾಮೆರಾ ಸಂಸ್ಕರಿಸದೆ ಕೊಟ್ಟ) ಫೈಲುಗಳು, ನೆಂಟರ ಐಫೋನಿನಿಂದ ಬಂದ ಎಚ್‌ಇಐಸಿ ಚಿತ್ರಗಳು, ಮೂವತ್ತು ಮುಖಗಳ ಆ ಗುಂಪು ಫೋಟೊ. ಹೊಸ ಆವೃತ್ತಿಯಲ್ಲಿ ಒಂದು ಹೆಸರು ಬದಲಿಸಿ, ಆ ಫೋಟೊವನ್ನು ಬೇರೊಂದು ತಂತ್ರಾಂಶದಲ್ಲಿ ತೆರೆದು, ಅಕ್ಷರಗಳು ಕೆಡದೆ ಬಂದಿವೆಯೇ, ಚೌಕ ಸರಿಯಾದ ಮುಖದ ಮೇಲಿದೆಯೇ ಎಂದು ನೋಡುತ್ತೇನೆ. ಒಂದು ವಾರ ಹಾಗೆ ಬಳಸಿ ತೊಂದರೆ ಕಾಣದಿದ್ದರೆ ಮಾತ್ರ ಮುಖ್ಯ ಸಂಗ್ರಹವನ್ನು ತೆರೆಯುವುದು. ಅದೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಅಲ್ಲ. ಇಡೀ ಸಂಗ್ರಹದ ಮುಖ ಹುಡುಕಲು ನನ್ನ ಯಂತ್ರಕ್ಕೆ ಒಂದು ರಾತ್ರಿ ಬೇಕು, ಯುಪಿಎಸ್ ತಡೆಯುವುದು ಇಪ್ಪತ್ತು ನಿಮಿಷ.

ಈ ಸಲದ ಆ್ಯಪ್‌ಇಮೇಜ್ ಹಾಗೆ ಇಳಿದು ಬಂದು ಲ್ಯಾಪ್‌ಟಾಪಿನಲ್ಲಿ ಕುಳಿತಿದೆ. ಕಣದಲ್ಲಿ ರೋಬಸ್ಟಾ ಕಾಫಿ ಹರಡಿದೆ, ಇನ್ನೂ ಎರಡು ಸುತ್ತಿನ ಕೊಯ್ಲು ಬಾಕಿ ಇದೆ. ಕೊನೆಯ ಮೂಟೆ ಮಿಲ್ಲಿಗೆ ಹೋದ ಮೇಲೆ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವುದಕ್ಕೆ ಮೊದಲು ಸಿಗುವ ಹತ್ತು ಹದಿನೈದು ದಿನಗಳಲ್ಲಿ ಅದನ್ನು ಆ ಇನ್ನೂರು ಫೋಟೊಗಳ ಮೇಲೆ ಓಡಿಸಿ ನೋಡಬೇಕು.