ಎಲುಬು ಮುರಿದ ಮೇಲೆ ಪ್ಲಾಸ್ಟರ್ ತೆಗೆದ್ರೆ ಮುಗೀಲಿಲ್ಲ, ಮುಂದೆ ಆಸ್ಪತ್ರೆಯಲ್ಲಿ ಎಂತ ಮಾಡಿಸ್ಬೇಕು

ನಮ್ಮಮ್ಮ ಒಂದು ಜುಲೈಯಲ್ಲಿ ಅಂಗಳದ ಪಾಚಿಗೆ ಜಾರಿ ಕೈ ಊರಿ ಬಿದ್ರು, ಮಣಿಕಟ್ಟು ಮುರೀತು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದ್ರು, ಆರು ವಾರ ಬಿಟ್ಟು ತೆಗೆದ್ರು, ಇನ್ನು ಬರ್ಲಿಕ್ಕಿಲ್ಲ ಅಂದ್ರು. ನಿಂತಲ್ಲಿಂದ ಬಿದ್ದದ್ದಕ್ಕೇ ಎಲುಬು ಯಾಕೆ ಮುರೀತು ಅಂತ ಅವರು ಹೇಳ್ಲಿಲ್ಲ, ಕೇಳ್ಬೇಕು ಅಂತ ನಮಗೂ ಗೊತ್ತಿರ್ಲಿಲ್ಲ. ಮರುವರ್ಷ ಬಚ್ಚಲಲ್ಲಿ ಬಿದ್ದು ತೊಡೆಬುಡದ ಎಲುಬೇ ಹೋಯ್ತು, ಆಪರೇಷನ್ ಆಯ್ತು. ಬೇರೆಯವರಿಗೆ ಹೀಗಾಗ್ಬಾರ್ದು ಅಂತಲೇ ಇದನ್ನು ಬರೀತಾ ಇದ್ದೇನೆ.

ಮೊದಲು ಒಂದು ವಿಷಯ ತಲೆಯಲ್ಲಿರ್ಲಿ. 50 ದಾಟಿದವರು ನಿಂತಲ್ಲಿಂದ ಬಿದ್ದು ಎಲುಬು ಮುರಿದ್ರೆ ಅದು ಬರೀ ಬಿದ್ದದ್ದರ ಪೆಟ್ಟಲ್ಲ, ಎಲುಬೇ ಟೊಳ್ಳಾಗಿರ್ಬಹುದು, ಅದೇ ಆಸ್ಟಿಯೊಪೊರೋಸಿಸ್. ಗಂಟುನೋವಲ್ಲಿ ಇರುವ ಹಾಗೆ ಇದರಲ್ಲಿ ನೋವು ಇರುದಿಲ್ಲ, ಮುರಿಯುವವರೆಗೆ ಗೊತ್ತೇ ಆಗುದಿಲ್ಲ. ಒಮ್ಮೆ ಮುರಿದವರಿಗೆ ಇನ್ನೊಮ್ಮೆ ಮುರಿಯುವ ಸಾಧ್ಯತೆ ಸುಮಾರು ಎರಡು ಪಟ್ಟು, ಅದರಲ್ಲೂ ಮೊದಲ ಎರಡು ವರ್ಷ ಜಾಸ್ತಿ. ಇದಕ್ಕೇ ಅಂತ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1999ರಲ್ಲಿ ಒಂದು ವ್ಯವಸ್ಥೆ ಶುರು ಮಾಡಿದ್ರು, ಫ್ರ್ಯಾಕ್ಚರ್ ಲಿಯಸಾನ್ ಸರ್ವಿಸ್ ಅಂತ ಹೆಸರು. ಮುರಿದು ಬಂದ ಪ್ರತಿಯೊಬ್ಬ ಹಿರಿಯರನ್ನೂ ಒಬ್ಬ ನರ್ಸ್ ಗುರುತು ಹಾಕಿಕೊಂಡು ಸ್ಕ್ಯಾನ್, ಮದ್ದು, ಫೋನ್ ಮಾಡಿ ವಿಚಾರಿಸುದು ಎಲ್ಲ ನೋಡಿಕೊಳ್ತಾರೆ. ನೀವು ಹೋಗುವ ಆಸ್ಪತ್ರೆಯಲ್ಲಿ ಅಂಥವರು ಇಲ್ಲದಿದ್ರೆ ಆ ಕೆಲಸ ಮನೆಯವರೇ ಒಬ್ರು ಮಾಡ್ಬೇಕು.

ಹೇಗೆ ಅಂದ್ರೆ, ಪ್ಲಾಸ್ಟರ್ ತೆಗೆಯುವ ದಿನಕ್ಕೆ ಕಾಯ್ಬೇಡಿ, ಮೊದಲ ವಿಸಿಟಲ್ಲೇ ಎಲುಬು ಡಾಕ್ಟ್ರ ಹತ್ರ "ಡೆಕ್ಸಾ ಮಾಡಿಸ್ಬೇಕಾ ಡಾಕ್ಟ್ರೇ" ಅಂತ ನೇರ ಕೇಳಿ. ಡೆಕ್ಸಾ ಅಂದ್ರೆ ಎಲುಬಿನ ಸಾಂದ್ರತೆ ಅಳೆಯುವ ಸ್ಕ್ಯಾನ್, ಹಾಸಿಗೆಯಲ್ಲಿ ಹದಿನೈದು ನಿಮಿಷ ಮಲಗುದು ಅಷ್ಟೇ, ಚುಚ್ಚುದಿಲ್ಲ, ನೋವಿಲ್ಲ. ಅದರ ರಿಪೋರ್ಟಲ್ಲಿ ಟಿ ಸ್ಕೋರ್, ಅಂದ್ರೆ ಆರೋಗ್ಯವಂತ ಪ್ರಾಯದವರ ಎಲುಬಿಗೆ ಹೋಲಿಸಿದ ಅಂಕ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದ್ರೆ ಆಸ್ಟಿಯೊಪೊರೋಸಿಸ್. ತೊಡೆಬುಡ ಅಥವಾ ಬೆನ್ನೆಲುಬು ಹೀಗೆ ಸಣ್ಣ ಪೆಟ್ಟಿಗೆ ಮುರಿದಿದ್ರೆ ಸ್ಕೋರ್ ಸ್ವಲ್ಪ ಚೆನ್ನಾಗಿದ್ರೂ ಮದ್ದು ಶುರು ಮಾಡ್ತಾರೆ. ಕ್ಯಾಂಪಲ್ಲಿ ಹಿಮ್ಮಡಿ ಇಟ್ಟು ನೋಡ್ತಾರಲ್ಲ, ಅದರ ಮೇಲೆ ಮಾತ್ರ ನಂಬಿಕೆ ಇಟ್ಟು ಸುಮ್ಮನಾಗ್ಬೇಡಿ, ಅದು ಡೆಕ್ಸಾಕ್ಕೆ ಸಮ ಅಲ್ಲ. ಎತ್ತರ ಕೂಡ ಅಳೆಸಿ, ಪ್ರಾಯದಲ್ಲಿದ್ದದ್ದಕ್ಕಿಂತ 4 ಸೆಂಟಿಮೀಟರ್ ಕಡಿಮೆ ಆಗಿದ್ರೆ ಬೆನ್ನೆಲುಬು ಗೊತ್ತಾಗದ ಹಾಗೆ ಕುಸಿದಿರ್ಬಹುದು, ಎಕ್ಸ್‌ರೇ ಬೇಕು. ಜೊತೆಗೆ ರಕ್ತದಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ, ಕಿಡ್ನಿ, ಥೈರಾಯ್ಡ್ ನೋಡ್ತಾರೆ. ಉಬ್ಬಸಕ್ಕೋ ವಾತಕ್ಕೋ ಸ್ಟೀರಾಯ್ಡ್ ಮಾತ್ರೆ ತುಂಬ ಸಮಯ ತಿಂದಿದ್ರೆ ಕೇಳದಿದ್ರೂ ಹೇಳಿ.

ಮದ್ದಿನ ವಿಷಯದಲ್ಲೇ ಜಾಸ್ತಿ ಜನ ತಪ್ಪುದು. ವಾರಕ್ಕೊಂದು ತಿನ್ನುವ ಅಲೆಂಡ್ರೊನೇಟ್ 70 ಮಿಲಿಗ್ರಾಂ ಮಾತ್ರೆ ಕೊಟ್ರೆ, ಎದ್ದ ಕೂಡ್ಲೇ ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ಬರೀ ನೀರಲ್ಲಿ ನುಂಗ್ಬೇಕು, ಆಮೇಲೆ ಅರ್ಧ ಗಂಟೆ ಮಲಗ್ಲಿಕ್ಕಿಲ್ಲ, ಚಾ ಇಲ್ಲ, ತಿಂಡಿ ಇಲ್ಲ, ಬೇರೆ ಮಾತ್ರೆಯೂ ಇಲ್ಲ. ಮಲಗಿದ್ರೆ ಅನ್ನನಾಳ ಸುಡ್ತದೆ. ನಮ್ಮಮ್ಮ ಆದಿತ್ಯವಾರ ಆರು ಗಂಟೆಗೆ ನುಂಗಿ ಜಗಲಿಯ ಬೆತ್ತದ ಕುರ್ಚಿಯಲ್ಲಿ ಪೇಪರ್ ಹಿಡ್ಕೊಂಡು ಕೂತ್ಕೊಳ್ತಿದ್ರು, ಒಳಗೆ ಚಾ ಕುದಿಯುವ ಪರಿಮಳ ಬಂದ್ರೂ ಗಡಿಯಾರ ನೋಡ್ತಾ ಕೂರ್ತಿದ್ರು. ಹೊಟ್ಟೆ ಉರಿ ತಡೆಯದವರಿಗೆ ವರ್ಷಕ್ಕೊಮ್ಮೆ ಝೊಲೆಡ್ರೊನಿಕ್ ಆಸಿಡ್ ಡ್ರಿಪ್ ಉಂಟು, ಅದಕ್ಕೆ ಮೊದಲು ಕಿಡ್ನಿ ಟೆಸ್ಟ್ ಆಗ್ಲೇಬೇಕು, ಮೊದಲ ಸಲ ಒಂದೆರಡು ದಿನ ಜ್ವರ ಮೈಕೈನೋವು ಬಂದ್ರೆ ಹೆದರ್ಬೇಡಿ. ಹಲ್ಲು ಕೀಳಿಸುದಿದ್ರೆ ಇದನ್ನೆಲ್ಲ ಶುರು ಮಾಡುವ ಮೊದಲೇ ಕೀಳಿಸಿ. ಆರು ತಿಂಗಳಿಗೊಮ್ಮೆಯ ಡೆನೊಸುಮ್ಯಾಬ್ ಇಂಜೆಕ್ಷನ್ ಆದ್ರೆ ತಾರೀಕು ಕ್ಯಾಲೆಂಡರಲ್ಲಿ ಕೆಂಪಲ್ಲಿ ಬರೆದಿಡಿ, ಡಾಕ್ಟ್ರನ್ನು ಕೇಳದೆ ನಿಲ್ಲಿಸಿದ್ರೆ ಅಥವಾ ತಿಂಗಳುಗಟ್ಟಲೆ ತಡ ಮಾಡಿದ್ರೆ ಬೆನ್ನೆಲುಬು ಒಂದರ ಮೇಲೊಂದು ಮುರಿಯುವ ಅಪಾಯ ಉಂಟು.

ಊಟದಲ್ಲಿ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮ ಕುಚ್ಚಲಕ್ಕಿ ಗಂಜಿ ಉಪ್ಪಿನಕಾಯಿಯಲ್ಲಿ ಅದು ಸಿಗುದಿಲ್ಲ. 100 ಗ್ರಾಂ ರಾಗಿಯಲ್ಲಿ 340ರಷ್ಟು ಉಂಟು, ಹಾಲು ಮೊಸರು, ಎಳ್ಳು, ಮೀನು ತಿನ್ನುವವರಿಗೆ ಮುಳ್ಳು ಸಮೇತ ಅಗಿಯುವ ಸಣ್ಣ ಮೀನು ಒಳ್ಳೇದು. ಉಳಿದದ್ದಕ್ಕೆ ಮಾತ್ರೆ, ಜನೌಷಧಿ ಅಂಗಡಿಯಲ್ಲಿ ಕಡಿಮೆ ರೇಟಿಗೆ ಸಿಗ್ತದೆ. ವಿಟಮಿನ್ ಡಿ 60,000 ಯೂನಿಟಿನದ್ದು ಸಾಮಾನ್ಯವಾಗಿ ವಾರಕ್ಕೊಂದು, ದಿನಾ ತಿನ್ಬೇಡಿ.

ಫಿಸಿಯೋಥೆರಪಿ ಬಿಡ್ಬೇಡಿ. ನೋವು ಕಡಿಮೆ ಆದ ಕೂಡ್ಲೇ ಎಲ್ಲರೂ ಬಿಡ್ತಾರೆ, ಆದ್ರೆ ಕಾಲಿಗೆ ಬಲ ಬರುದು, ತೂಕ ತಪ್ಪದ ಹಾಗೆ ನಿಲ್ಲುದು ಕಲಿಯುದು ಅಲ್ಲೇ. ಮನೆಯಲ್ಲಿ ಬಚ್ಚಲಿಗೆ ಹಿಡ್ಕೊಳ್ಳುವ ರಾಡ್, ರಾತ್ರಿ ಎದ್ದು ಹೋಗುವ ದಾರಿಗೆ ಒಂದು ಲೈಟ್, ಮಳೆ ಬರುವ ಮೊದಲು ಅಂಗಳದ ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ, ಸವೆದ ಹವಾಯಿ ಚಪ್ಪಲಿ ಬಿಸಾಡಿ. ತಲೆ ತಿರುಗುವ ಮದ್ದು ಯಾವುದಾದ್ರೂ ಉಂಟಾ ಅಂತ ಬಿಪಿ ಮಾತ್ರೆ, ನಿದ್ದೆ ಮಾತ್ರೆ ಎಲ್ಲ ಡಾಕ್ಟ್ರಿಗೆ ತೋರಿಸಿ.

ಮಂಗಳೂರಿನ ಸರಕಾರಿ ಆಸ್ಪತ್ರೆ ವೆನ್ಲಾಕಿಗೆ ಹೋಗಿ, ಮಣಿಪಾಲಕ್ಕೆ ಹೋಗಿ, ಎಲ್ಲಿಗೆ ಹೋದ್ರೂ ಡಿಸ್ಚಾರ್ಜ್ ಸಮರಿ, ಎಕ್ಸ್‌ರೇ, ಡೆಕ್ಸಾ ರಿಪೋರ್ಟ್ ಒಂದೇ ಫೈಲಲ್ಲಿ ಇರ್ಲಿ, ಒಂದೆರಡು ವರ್ಷ ಬಿಟ್ಟು ಇನ್ನೊಮ್ಮೆ ಡೆಕ್ಸಾ ಮಾಡುವಾಗ ಅದೇ ಮೆಷಿನಲ್ಲಿ ಮಾಡಿಸಿದ್ರೆ ಹೋಲಿಸ್ಲಿಕ್ಕೆ ಸರಿಯಾಗ್ತದೆ. ಮಧ್ಯದಲ್ಲಿ ತೊಡೆಯಲ್ಲಿ ಹೊಸ ನೋವು, ದವಡೆ ನೋವು, ಇದ್ದಕ್ಕಿದ್ದ ಹಾಗೆ ಬೆನ್ನು ಹಿಡಿದದ್ದು, ಈ ಮೂರರಲ್ಲಿ ಯಾವುದು ಬಂದ್ರೂ ಮುಂದಿನ ತಾರೀಕಿಗೆ ಕಾಯದೆ ಆ ಫೈಲ್ ಹಿಡ್ಕೊಂಡು ಹೋಗಿ.