ವಾರ್ಡೋ, ಇಡೀ ಊರಿಗೆ ಒಂದೇ ಕ್ಷೇತ್ರವೋ: ಗೆರೆ ಎಳೆಯುವ ಮುಂಚೆ ನಾನು ಹಾಕುವ ಲೆಕ್ಕ

ಸ್ಥಳೀಯ ಕೌನ್ಸಿಲ್ಲಿಗೆ ವಾರ್ಡುವಾರು ಚುನಾವಣೆ ಬೇಕೋ, ಇಡೀ ಊರನ್ನೇ ಒಂದು ಕ್ಷೇತ್ರ ಮಾಡಬೇಕೋ ಎಂದು ಸಭೆ ಸೇರಿದರೆ ಮಾತು ‘ನಮ್ಮ ಬೀದಿಗೊಬ್ಬ ಸದಸ್ಯ’ ಮತ್ತು ‘ಊರಿನ ಒಟ್ಟು ಹಿತ’ದ ನಡುವೆ ಜಗ್ಗಾಡುತ್ತಲೇ ಇರುತ್ತದೆ. ನಾನು ಮೊದಲು ಕೇಳುವುದು ಬೇರೆ. ಒಬ್ಬ ಮತದಾರನ ಕೈಯಲ್ಲಿ ಎಷ್ಟು ಮತ? ಒಂದು ಸಲಕ್ಕೆ ಎಷ್ಟು ಸ್ಥಾನ ತುಂಬುತ್ತೇವೆ?

ಒಂದು ಹಾಳೆಯ ಮೇಲೆ ಈ ಲೆಕ್ಕ ಬರೆದುಕೊಳ್ಳಿ. ಜನಸಂಖ್ಯೆ 27,000, ಮತದಾರರು 18,000, ಸ್ಥಾನ 9. ಎರಡು ಬಣ: ಒಂದರ ಕಡೆ 9,900 ಜನ, ಇನ್ನೊಂದರ ಕಡೆ 8,100. ಎಲ್ಲರೂ ಮತ ಹಾಕಿದರು ಎಂದಿಟ್ಟುಕೊಳ್ಳೋಣ. ಇಡೀ ಊರು ಒಂದೇ ಕ್ಷೇತ್ರವಾಗಿ, ಪ್ರತಿಯೊಬ್ಬರಿಗೂ 9 ಮತ ಕೊಟ್ಟರೆ, ಮೊದಲ ಬಣದ ಒಂಬತ್ತೂ ಅಭ್ಯರ್ಥಿಗಳಿಗೆ ತಲಾ 9,900 ಬೀಳುತ್ತದೆ. ಎರಡನೆಯ ಬಣದ ಒಬ್ಬರೂ ಒಳಗೆ ಬರುವುದಿಲ್ಲ. 45% ಜನಕ್ಕೆ ಸೊನ್ನೆ.

ಹಾಗಾದರೆ ವಾರ್ಡು ಮಾಡಿದರೆ ಆಯಿತಲ್ಲ ಎನ್ನುತ್ತಾರೆ. ಅದೇ 8,100 ಜನ ಊರ ತುಂಬ ಸಮವಾಗಿ ಹರಡಿದ್ದರೆ, 2,000 ಮತದಾರರ ಪ್ರತಿ ವಾರ್ಡಿನಲ್ಲೂ 1,100ರ ಎದುರು 900. ಮತ್ತೆ ಸೊನ್ನೆ. ಅದೇ ಜನ ಎಂಟು ವಾರ್ಡುಗಳಲ್ಲಿ ತಲಾ 1,001ರಂತೆ ಬೀಳುವಂತೆ ಗೆರೆ ಎಳೆದರೆ ಎಂಟು ಸ್ಥಾನ! ಅಂದರೆ ವಾರ್ಡಿನಲ್ಲಿ ಫಲಿತಾಂಶವನ್ನು ಅರ್ಧ ಬರೆಯುವುದು ಜನ ಎಲ್ಲಿ ವಾಸವಾಗಿದ್ದಾರೆ ಎಂಬುದು, ಇನ್ನರ್ಧ ಪೆನ್ಸಿಲ್ ಹಿಡಿದವರು. ಇದನ್ನು ತೋರಿಸದೆ ಯಾವ ಸಮಿತಿಯಿಂದಲೂ ನಿರ್ಧಾರ ಕೇಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯ ದಾರಿ ಪ್ರಾಶಸ್ತ್ಯ ಮತ. ಒಂದೇ ಕ್ಷೇತ್ರ, ಒಬ್ಬರಿಗೆ ಒಂದೇ ಮತ, ಆದರೆ 1, 2, 3 ಎಂದು ಕ್ರಮ ಕೊಡಬಹುದು. ಗೆದ್ದವರಿಗೆ ಬೇಕಾದ್ದಕ್ಕಿಂತ ಹೆಚ್ಚು ಬಿದ್ದ ಮತ, ಸೋತು ಹೊರಬಿದ್ದವರ ಮತ ಮುಂದಿನ ಕ್ರಮದವರಿಗೆ ಹೋಗುತ್ತದೆ. ಗೆಲುವಿನ ಕೋಟಾ: 18,000ವನ್ನು ಸ್ಥಾನಕ್ಕಿಂತ ಒಂದು ಹೆಚ್ಚು, ಅಂದರೆ 10ರಿಂದ ಭಾಗಿಸಿ ಒಂದು ಕೂಡಿಸಿ: 1,801. ಪ್ರತಿ ಬಣವೂ ತನ್ನವರಿಗೇ ಪ್ರಾಶಸ್ತ್ಯ ಕೊಟ್ಟರೆ 9,900ಕ್ಕೆ ಐದು ಕೋಟಾ, 8,100ಕ್ಕೆ ನಾಲ್ಕು. 5–4. ಗೆರೆಯೇ ಇಲ್ಲ. ಅಮೆರಿಕದ ಕೇಂಬ್ರಿಡ್ಜ್ ನಗರ ಒಂಬತ್ತು ಸದಸ್ಯರನ್ನು ಹೀಗೆಯೇ 1941ರಿಂದ ಆರಿಸುತ್ತಿದೆ. ಪೋರ್ಟ್‌ಲೆಂಡ್ ನಗರ (ಒರೆಗಾನ್ ರಾಜ್ಯ) 2024ರಲ್ಲಿ ನಾಲ್ಕು ಕ್ಷೇತ್ರ, ತಲಾ ಮೂವರು ಎಂದು ವಾರ್ಡನ್ನೂ ಪ್ರಾಶಸ್ತ್ಯ ಮತವನ್ನೂ ಬೆಸೆಯಿತು.

ವಾರ್ಡು ನಿಜಕ್ಕೂ ಬೇಕೇ ಎಂದು ತಿಳಿಯಲು ಅಮೆರಿಕದ ಸುಪ್ರೀಂ ಕೋರ್ಟ್ 1986ರ ಥಾರ್ನ್‌ಬರ್ಗ್ ವರ್ಸಸ್ ಗಿಂಗಲ್ಸ್ ತೀರ್ಪಿನಲ್ಲಿ ಇಟ್ಟ ಮೂರು ಪ್ರಶ್ನೆಗಳು ಎಲ್ಲಿಯಾದರೂ ಕೆಲಸಕ್ಕೆ ಬರುತ್ತವೆ: ಹೊರಗುಳಿದ ಗುಂಪು ಒಂದು ವಾರ್ಡಿನಲ್ಲಿ ಬಹುಮತವಾಗುವಷ್ಟು ದೊಡ್ಡದಾಗಿ ಒತ್ತಾಗಿ ವಾಸವಾಗಿದೆಯೇ, ಅದು ಒಟ್ಟಾಗಿ ಮತ ಹಾಕುತ್ತದೆಯೇ, ಉಳಿದವರೂ ಒಟ್ಟಾಗಿ ಮತ ಹಾಕಿ ಅವರ ಅಭ್ಯರ್ಥಿಯನ್ನು ಸಾಮಾನ್ಯವಾಗಿ ಸೋಲಿಸುತ್ತಾರೆಯೇ? ಹಿಂದಿನ ಮೂರು ಚುನಾವಣೆಗಳ ಮತಗಟ್ಟೆವಾರು ಅಂಕಿಗಳನ್ನು ನಕ್ಷೆಯ ಮೇಲೆ ಹಾಕಿದರೆ ಉತ್ತರ ಸಿಗುತ್ತದೆ. ಮೂರಕ್ಕೂ ಹೌದಾದರೆ ವಾರ್ಡು. ಮೊದಲನೆಯದಕ್ಕೆ ಮಾತ್ರ ಇಲ್ಲವಾದರೆ ಪ್ರಾಶಸ್ತ್ಯ ಮತ. ವಾರ್ಡು ಅವರಿಗೆ ಏನೂ ಕೊಡುವುದಿಲ್ಲ.

ಗೆರೆ ಎಳೆಯುವಾಗ ಲೆಕ್ಕ ಮತದಾರರದ್ದಲ್ಲ, ಜನಸಂಖ್ಯೆಯದ್ದು. ಮಕ್ಕಳು, ಪಟ್ಟಿಗೆ ಸೇರದವರು ಕೂಡ ಸದಸ್ಯನ ಬಾಗಿಲು ತಟ್ಟುವವರೇ. 27,000 ಭಾಗಿಸು 9, ವಾರ್ಡಿಗೆ 3,000. ನ್ಯೂಜಿಲೆಂಡಿನಲ್ಲಿ ವ್ಯತ್ಯಾಸ ಸಾಮಾನ್ಯವಾಗಿ ಆಚೀಚೆ 10% ಮೀರಬಾರದು. ಆ ಅಳತೆ ಹಿಡಿದರೆ 2,700ರಿಂದ 3,300. ಮನೆಗಳು ಏಳುತ್ತಿರುವ ಅಂಚಿನಲ್ಲಿ ನಾನು 2,750ರ ಸುತ್ತ ನಿಲ್ಲಿಸುತ್ತೇನೆ. ಈಗಲೇ 3,250 ತುಂಬಿದರೆ ಮುಂದಿನ ಚುನಾವಣೆಗೆ ಮೊದಲೇ ಮಿತಿ ದಾಟುತ್ತದೆ. ಹಾಸ್ಟೆಲ್, ಜೈಲುಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ: ಅಲ್ಲಿ ಜನಸಂಖ್ಯೆ ದೊಡ್ಡದು, ಮತ ಹಾಕುವವರು ಕಡಿಮೆ.

ಕೆಲಸ ಯಾವಾಗಲೂ ಊರಿನ ಮೂಲೆಯಿಂದ ಶುರುವಾಗಲಿ. ನಡುವಿನಿಂದ ಹೊರಟರೆ ಕೊನೆಗೆ ಉಳಿಯುವ ಚೂರುಗಳೆಲ್ಲ ಸೇರಿ ಊರನ್ನು ಸುತ್ತುವ ಬಳೆಯಂಥ ವಾರ್ಡಾಗುತ್ತದೆ. ಅದರ ಒಂದು ತುದಿಯವರಿಗೆ ಇನ್ನೊಂದು ತುದಿಯ ಪರಿಚಯವೇ ಇರುವುದಿಲ್ಲ. ಸೇತುವೆಯಿಲ್ಲದ ಹೊಳೆ, ದಾಟಲಾಗದ ರೈಲು ಹಳಿ ಒಳ್ಳೆಯ ಗಡಿ. ಅಂಗಡಿಬೀದಿ ಕೆಟ್ಟ ಗಡಿ, ಎರಡೂ ಬದಿಯವರು ಬದುಕುವುದು ಅಲ್ಲೇ. ಹಾಲಿ ಸದಸ್ಯರ ಮನೆ ವಿಳಾಸ ನಕ್ಷೆಯ ಮೇಲೆ ಬರಲೇಕೂಡದು. ಬಂದರೆ ಗೆರೆ ತಾನಾಗಿಯೇ ಅವರ ಕಾಂಪೌಂಡು ಸುತ್ತುತ್ತದೆ.

ರಾಜಿಸೂತ್ರವೆಂದು ಆರು ವಾರ್ಡು, ಮೂರು ಊರೊಟ್ಟಿನ ಸ್ಥಾನ ಎನ್ನುವುದು ಎಲ್ಲರಿಗೂ ಪ್ರಿಯ. ಅದರಲ್ಲಿ ವಾರ್ಡು 4,500ಕ್ಕೆ ಹಿಗ್ಗುತ್ತದೆ, ಮೂರು ಸ್ಥಾನ ಮತ್ತೆ ದೊಡ್ಡ ಬಣಕ್ಕೇ ಇನಾಮು ಹೋಗುತ್ತವೆ. ಆ ಮೂರನ್ನು ಪ್ರಾಶಸ್ತ್ಯ ಮತದಿಂದ ತುಂಬಿದರೆ ಮಾತ್ರ ರಾಜಿಗೆ ಅರ್ಥ ಬರುತ್ತದೆ.

ಏಕಕ್ಷೇತ್ರದ ಮತಪತ್ರ ಉದ್ದವಾದಷ್ಟೂ ಜನ ಮೇಲಿನ ಕೆಲವು ಹೆಸರಿಗೆ ಗುರುತು ಹಾಕಿ ಕೈಬಿಡುತ್ತಾರೆ. ಹೆಸರುಗಳ ಕ್ರಮವನ್ನು ಪ್ರತಿ ಮತಪತ್ರದಲ್ಲೂ ಬದಲಿಸಿ ಮುದ್ರಿಸಬೇಕು. ತೀರಾ ಚಿಕ್ಕ ವಾರ್ಡಿನ ತೊಂದರೆ ಬೇರೆ, ಎದುರಾಳಿಯೇ ಸಿಗದೆ ಅವಿರೋಧ ಆಯ್ಕೆ.

ಕೊನೆಯದಾಗಿ ಅವಧಿ. ಒಂಬತ್ತನ್ನೂ ಒಮ್ಮೆಲೇ ತುಂಬಿದರೆ ಪ್ರಾಶಸ್ತ್ಯ ಮತದಲ್ಲಿ ಹತ್ತರಲ್ಲೊಂದು ಪಾಲು ಮತ ಸಾಕು. ಮೂರು ಮೂರಾಗಿ ಸರದಿಯಲ್ಲಿ ತುಂಬುವ ನಿಯಮ ಸೇರಿಸಿದರೆ ಅದೇ ಕೋಟಾ ನಾಲ್ಕರಲ್ಲೊಂದು ಪಾಲಿಗೆ ಏರುತ್ತದೆ. ಕರಡು ನಿಯಮದ ಕೊನೆಯ ಪುಟದಲ್ಲಿ ಈ ಒಂದು ಸಾಲು ಕೂತಿದೆಯೇ ಎಂದು ಮತಕ್ಕೆ ಹಾಕುವ ಮುಂಚೆ ಹುಡುಕಿ ನೋಡಿ.